ಹಸಿರು ಬರ ಮತ್ತು ಆಕಾಶದ ಕಣ್ಣು

ನೂರಾರು ಬಣ್ಣ ಎಣಿಸುವ ಉಪಗ್ರಹದಿಂದ ರೈತನಿಗೆ ಆಗುವುದೇನು?



2023ರ ಮುಂಗಾರನ್ನು ನೀವು ಮರೆತಿರಲಾರಿರಿ. ಜುಲೈ ತಿಂಗಳಲ್ಲಿ ಮಳೆ ಬಂತು, ಬಿತ್ತನೆಯಾಯಿತು, ಪೈರು ಎದ್ದಿತು. ಆಗಸ್ಟಿನಲ್ಲಿ ಮೋಡ ಮುಖ ತಿರುಗಿಸಿತು. 1901ರಿಂದ ಆ ವರ್ಷದವರೆಗಿನ ಹವಾಮಾನ ಇಲಾಖೆಯ ದಾಖಲೆಯಲ್ಲಿ ಇಡೀ ದೇಶಕ್ಕೆ ಅಷ್ಟು ಕಡಿಮೆ ಮಳೆ ಸುರಿದ ಆಗಸ್ಟ್ ಇನ್ನೊಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಲ್ಲಲ್ಲಿ ನಾಲ್ಕು ಹನಿ ಬಿದ್ದಾಗ ಹೊಲಗಳು ಮತ್ತೆ ಹಸಿರಾದವು. ರಸ್ತೆಯಲ್ಲಿ ಹೋಗುವವರಿಗೆ ಬೆಳೆ ಪರವಾಗಿಲ್ಲ ಅನ್ನಿಸಿತು. ಹೊಲದೊಳಗೆ ಇಳಿದು ಮುಸುಕಿನ ಜೋಳದ ತೆನೆ ಸುಲಿದರೆ ಕಾಳಿಲ್ಲ. ಶೇಂಗಾ ಗಿಡ ಕಿತ್ತರೆ ಕಾಯಿಲ್ಲ. ಇದಕ್ಕೆ ‘ಹಸಿರು ಬರ’ ಎಂಬ ಹೆಸರು ಬಿತ್ತು.

ಆ ವರ್ಷ ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಕೊನೆಗೆ ಆ ಸಂಖ್ಯೆ 236ರಲ್ಲಿ 223ಕ್ಕೆ ಮುಟ್ಟಿತು. ಅಕ್ಟೋಬರಿನಲ್ಲಿ ಕೇಂದ್ರದ ಅಧ್ಯಯನ ತಂಡ ಬಂದಾಗ, ಹೊಲ ಹಸಿರಾಗಿದ್ದರೂ ಫಸಲು ಹೋಗಿದೆ ಎಂದು ರಾಜ್ಯದವರು ಅವರಿಗೆ ತಿಳಿಸಿ ಹೇಳಬೇಕಾಯಿತು. ಪರಿಹಾರದ ಹಣಕ್ಕಾಗಿ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೇಂದ್ರದಿಂದ 3,454 ಕೋಟಿ ರೂಪಾಯಿ ಬಿಡುಗಡೆಯಾಗುವಾಗ 2024ರ ಏಪ್ರಿಲ್ ತಿಂಗಳ ಕೊನೆ.

ಹಸಿರಾಗಿ ಕಾಣುವ ಬೆಳೆ ಒಳಗೆ ಸೊರಗಿದೆ ಎಂಬುದನ್ನು ಮೇಲಿನಿಂದ ಪತ್ತೆ ಹಚ್ಚಲು ಸಾಧ್ಯವೇ? ಸಾಧ್ಯ ಎನ್ನುತ್ತಿದ್ದಾರೆ ವಿಜ್ಞಾನಿಗಳು. ‘ಹೈಪರ್‌ಸ್ಪೆಕ್ಟ್ರಲ್’ ಎಂಬ ಹೊಸ ಬಗೆಯ ದೂರಸಂವೇದನೆಯ ಮಾತು ಈಗ ಪತ್ರಿಕೆಗಳಲ್ಲಿಯೂ ಕೃಷಿ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಬೆಳೆ ವಿಮೆ, ಬರ ಪರಿಹಾರ, ಕಾಡಿನ ಲೆಕ್ಕ, ಇವೆಲ್ಲಕ್ಕೂ ಇದು ನಾಳೆ ಆಧಾರವಾಗಬಹುದು. ಆದುದರಿಂದ ಇದೇನು, ಇದರ ಬಲವೆಷ್ಟು, ದೌರ್ಬಲ್ಯವೆಷ್ಟು ಎಂಬುದನ್ನು ರೈತರು ಈಗಲೇ ತಿಳಿದಿರುವುದು ಒಳ್ಳೆಯದು.

ತೆಂಗಿನ ಮರದಿಂದ ಆರಂಭ

ನಮ್ಮ ದೇಶದಲ್ಲಿ ದೂರಸಂವೇದನೆಯ ಕೆಲಸ ಮೊದಲಾದದ್ದೇ ಒಂದು ಬೆಳೆಯ ರೋಗದಿಂದ ಎಂಬುದು ಅನೇಕರಿಗೆ ತಿಳಿದಿಲ್ಲ. ಕೇರಳದ ತೆಂಗಿನ ತೋಟಗಳಿಗೆ ಬೇರು ಸೊರಗು ರೋಗ ತಗುಲಿತ್ತು. 1970ರಲ್ಲಿ ಪ್ರೊ. ಪಿ. ಆರ್. ಪಿಷಾರೋಟಿಯವರ ತಂಡ ಹೆಲಿಕಾಪ್ಟರಿನಲ್ಲಿ ಕುಳಿತು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಡಿಯುವ ಫಿಲ್ಮಿನಿಂದ ಆ ತೋಟಗಳ ಚಿತ್ರ ತೆಗೆಯಿತು. ಅಂತಹ ಫಿಲ್ಮಿನಲ್ಲಿ ಆರೋಗ್ಯವಾದ ಗಿಡಮರಗಳು ಹಸಿರಾಗಿ ಮೂಡದೆ ಕೆಂಪಾಗಿ ಮೂಡುತ್ತವೆ. ಸೊರಗಿದ ಮರದ ಛಾಯೆ ಬೇರೆಯಾಗಿರುತ್ತದೆ. ಭಾರತದ ದೂರಸಂವೇದನೆಯ ಪಿತಾಮಹರೆಂದು ಪಿಷಾರೋಟಿಯವರನ್ನು ಕರೆಯುವುದು ಈ ಕಾರಣದಿಂದ.

1988ರ ಮಾರ್ಚ್ 17ರಂದು ನಮ್ಮದೇ ಆದ ಐಆರ್‌ಎಸ್-1ಎ ಉಪಗ್ರಹ ಮೇಲೇರಿತು. ಅಂದಿನಿಂದ ಬೆಳೆಯ ವಿಸ್ತೀರ್ಣ, ಬರ, ಕಾಡು ಇವುಗಳ ಲೆಕ್ಕಕ್ಕೆ ಉಪಗ್ರಹದ ಚಿತ್ರ ಬಳಕೆಯಲ್ಲಿದೆ. ಆದರೆ ಆ ಚಿತ್ರಗಳು ಬೆಳಕನ್ನು ಮೂರೋ ನಾಲ್ಕೋ ದಪ್ಪ ಪಟ್ಟಿಗಳಾಗಿ ಮಾತ್ರ ಒಡೆದು ನೋಡುತ್ತಿದ್ದವು.

ಎಲೆ ಬೆಳಕನ್ನು ಬಳಸುವ ಬಗೆ

ಬಿಸಿಲು ಎಲೆಯ ಮೇಲೆ ಬಿದ್ದಾಗ ಏನಾಗುತ್ತದೆ? ಎಲೆಯ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಂಡು ಆಹಾರ ತಯಾರಿಸುತ್ತದೆ. ಹಸಿರನ್ನು ಅಷ್ಟಾಗಿ ಹೀರುವುದಿಲ್ಲ, ಹೊರಕ್ಕೆ ಎಸೆಯುತ್ತದೆ. ಎಲೆ ನಮಗೆ ಹಸಿರಾಗಿ ಕಾಣುವುದು ಇದರಿಂದ. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿದೆ. ಎಲೆಯೊಳಗಿನ ಸ್ಪಂಜಿನಂತಹ ಜೀವಕೋಶಗಳು, ಅವುಗಳ ನಡುವಿನ ಗಾಳಿಯ ಸಂದುಗಳು ಈ ಬೆಳಕಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ತಳ್ಳುತ್ತವೆ. ನಮ್ಮ ಕಣ್ಣಿಗೆ ಅವಕೆಂಪು ಕಾಣುವಂತಿದ್ದರೆ ಬೆಳೆದು ನಿಂತ ಗದ್ದೆ ಕಣ್ಣು ಕೋರೈಸುತ್ತಿತ್ತು.

ಇನ್ನೂ ಆಚೆ ಹೋದರೆ ನೀರಿನ ಸರದಿ. ಎಲೆಯಲ್ಲಿರುವ ನೀರು ಬೆಳಕಿನ ಕೆಲವು ನಿರ್ದಿಷ್ಟ ಅಲೆಗಳನ್ನು ಮಾತ್ರ ಹೀರುತ್ತದೆ. ಈ ಅಲೆಗಳ ಉದ್ದವನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700ರವರೆಗೆ. ನೀರು ಹೀರುವ ಸ್ಥಾನಗಳು 970, 1200, 1450, 1940ರ ಸುಮಾರಿನಲ್ಲಿವೆ. ಎಲೆಯ ಸಾರಜನಕ, ನಾರು ಮುಂತಾದವುಗಳ ಗುರುತು 1500ರಿಂದ 2400ರವರೆಗೆ ಹರಡಿದೆ.

ಗಿಡಕ್ಕೆ ಕಷ್ಟ ಬಂದಾಗ ಈ ಲೆಕ್ಕವೆಲ್ಲ ಅಲುಗುತ್ತದೆ. ಪತ್ರಹರಿತ್ತು ಕಡಿಮೆಯಾದರೆ ಕೆಂಪು ಬೆಳಕು ಹೆಚ್ಚು ಹೊರಬರುತ್ತದೆ. ನೀರು ಕಡಿಮೆಯಾದರೆ ನೀರಿನ ಸ್ಥಾನದ ತಗ್ಗು ಮೇಲೇಳುತ್ತದೆ. ಕೆಂಪು ಮುಗಿದು ಅವಕೆಂಪು ಶುರುವಾಗುವ 680ರಿಂದ 750ರ ನಡುವೆ ಬೆಳಕಿನ ಪ್ರಮಾಣ ಕಡಿದಾದ ಏರಿನಂತೆ ಏರುತ್ತದೆ. ಗಿಡ ಸೊರಗಿದಾಗ ಈ ಏರು ಸ್ವಲ್ಪ ಕೆಂಪಿನ ಕಡೆಗೆ ಸರಿಯುತ್ತದೆ. ಸರಿಯುವುದು ಕೆಲವೇ ನ್ಯಾನೊಮೀಟರಿನಷ್ಟು. ಎಷ್ಟೋ ಸಲ ನಮ್ಮ ಕಣ್ಣಿಗೆ ಹಳದಿ ಕಾಣುವುದಕ್ಕೆ ಮುಂಚೆಯೇ ಇದು ಸರಿದಿರುತ್ತದೆ.

ಮರಳಿನ ಲಾರಿ ತೂಗುವ ತಕ್ಕಡಿ, ಚಿನ್ನ ತೂಗುವ ತಕ್ಕಡಿ

ಹಳೆಯ ಉಪಗ್ರಹಗಳು ಬೆಳಕನ್ನು ದಪ್ಪ ಪಟ್ಟಿಗಳಲ್ಲಿ ಅಳೆಯುತ್ತವೆ. ಕೆಂಪೆಂದರೆ ಒಟ್ಟು ಕೆಂಪು, ಅವಕೆಂಪೆಂದರೆ ಒಟ್ಟು ಅವಕೆಂಪು. ಈ ಎರಡನ್ನೂ ಹೋಲಿಸಿ ಹಸಿರಿನ ಸೂಚ್ಯಂಕ ತೆಗೆಯುತ್ತಾರೆ. ಬರದ ವರದಿಗಳಲ್ಲಿ ಬರುವ ‘ಎನ್‌ಡಿವಿಐ’ ಎಂಬುದು ಇದೇ. ಹಸಿರು ಎಷ್ಟಿದೆ ಎಂದು ಹೇಳಲು ಇದು ಸಾಕು. ಆದರೆ ಮರಳಿನ ಲಾರಿ ತೂಗುವ ತಕ್ಕಡಿಯಲ್ಲಿ ಒಂದು ಗ್ರಾಂ ಚಿನ್ನವಿಟ್ಟರೆ ಮುಳ್ಳು ಅಲುಗುವುದೇ? ಹಸಿರು ಬರದಲ್ಲಿ ಆಗುವುದು ಇದೇ. ಎಲೆ ಇದೆ, ಹಸಿರಿದೆ, ಕಳೆ ಕೂಡ ಸೇರಿ ಹಸಿರು ಹೆಚ್ಚಾಗಿದೆ. ಸೂಚ್ಯಂಕ ‘ಪರವಾಗಿಲ್ಲ’ ಎನ್ನುತ್ತದೆ.

ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಚಿನ್ನದ ತಕ್ಕಡಿಯಂತೆ. ಐದು ಅಥವಾ ಹತ್ತು ನ್ಯಾನೊಮೀಟರಿಗೆ ಒಂದರಂತೆ, ನೂರರಿಂದ ನಾಲ್ಕು ನೂರರವರೆಗೆ ತೆಳು ಪಟ್ಟಿಗಳಾಗಿ ಬೆಳಕನ್ನು ಬಿಡಿಸಿ, ಪ್ರತಿಯೊಂದನ್ನೂ ಬೇರೆ ಬೇರೆ ಅಳೆಯುತ್ತದೆ. ಪ್ರತಿ ಬೆಳೆಗೂ, ಬೆಳೆಯ ಪ್ರತಿ ಹಂತಕ್ಕೂ ಒಂದು ರೇಖೆ ಮೂಡುತ್ತದೆ. ಭತ್ತದ ರೇಖೆ ಬೇರೆ, ರಾಗಿಯದು ಬೇರೆ. ನೀರುಂಡ ಕಬ್ಬಿನದು ಬೇರೆ, ಬಾಯಾರಿದ ಕಬ್ಬಿನದು ಬೇರೆ. ಭತ್ತದ ಗದ್ದೆಯಲ್ಲಿ ಎಲೆ ಬಣ್ಣದ ಪಟ್ಟಿಯನ್ನು ಎಲೆಯ ಪಕ್ಕ ಹಿಡಿದು ಯೂರಿಯಾ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವುದನ್ನು ನಿಮ್ಮಲ್ಲಿ ಕೆಲವರು ಮಾಡಿದ್ದೀರಿ. ಆ ಪಟ್ಟಿಯಲ್ಲಿ ನಾಲ್ಕೈದು ಹಸಿರಿದ್ದರೆ, ಈ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣುವ, ಕಾಣದ ನೂರಾರು ಬಣ್ಣಗಳಿವೆ ಎಂದುಕೊಂಡರೆ ಸಾಕು.

ಇದುವರೆಗೆ ಇಟ್ಟ ಹೆಜ್ಜೆಗಳು

ಅಮೆರಿಕದವರು 2000ದ ನವೆಂಬರಿನಲ್ಲಿ ಹಾರಿಸಿದ ಇಒ-1 ಉಪಗ್ರಹದ ‘ಹೈಪೀರಿಯನ್’ ಕ್ಯಾಮೆರಾ ಈ ವಿದ್ಯೆಗೆ ದಾರಿ ಹಾಕಿತು. ಅದು 2017ರವರೆಗೆ ಕೆಲಸ ಮಾಡಿತು. ನಮ್ಮ ದೇಶ 2008ರ ಏಪ್ರಿಲ್ 28ರಂದು ಹಾರಿಸಿದ ಐಎಂಎಸ್-1 ಎಂಬ ಪುಟ್ಟ ಉಪಗ್ರಹದಲ್ಲಿ 64 ಪಟ್ಟಿಗಳ ಕ್ಯಾಮೆರಾ ಇತ್ತು. ಅದೇ ವರ್ಷ ಚಂದ್ರಯಾನ-1ರಲ್ಲಿಯೂ ಇಂತಹ ಉಪಕರಣಗಳು ಹೋದವು. ಚಂದ್ರನ ಮೇಲೆ ನೀರಿನ ಅಂಶವಿದೆಯೆಂದು 2009ರಲ್ಲಿ ಪ್ರಕಟವಾದ ಸುದ್ದಿ ಅದರಲ್ಲಿದ್ದ ಅಮೆರಿಕದ ರೋಹಿತ ಕ್ಯಾಮೆರಾದಿಂದ ಬಂದದ್ದು. ಚಂದ್ರನ ಮಣ್ಣಿನ ಪಸೆಯನ್ನು ಕಂಡ ವಿದ್ಯೆಯೇ ನಮ್ಮ ರಾಗಿಯ ಎಲೆಯ ಪಸೆಯನ್ನೂ ನೋಡಲು ಹೊರಟಿದೆ.

2015ರ ಡಿಸೆಂಬರಿನಿಂದ 2016ರ ಮಾರ್ಚ್‌ವರೆಗೆ ಇಸ್ರೊ ಮತ್ತು ನಾಸಾ ಕೂಡಿ ‘ಅವಿರಿಸ್-ಎನ್‌ಜಿ’ ಎಂಬ ಉಪಕರಣವನ್ನು ಇಸ್ರೊದ ವಿಮಾನದಲ್ಲಿಟ್ಟು ದೇಶದ ಹಲವು ಕಡೆ ಹಾರಿಸಿದವು. ಬೆಳೆ, ಕಾಡು, ಮಣ್ಣು, ಖನಿಜ, ಕರಾವಳಿ ಹೀಗೆ ಬೇರೆ ಬೇರೆ ನೆಲಗಳ ಚಿತ್ರ ಸಂಗ್ರಹವಾಯಿತು. ಬೆಳೆಯಿಂದ ಬೆಳೆಯನ್ನು, ಮರದಿಂದ ಮರವನ್ನು ಬೇರ್ಪಡಿಸುವ ಪಾಠವನ್ನು ನಮ್ಮ ವಿಜ್ಞಾನಿಗಳು ಬಹುಮಟ್ಟಿಗೆ ಕಲಿತದ್ದು ಈ ಚಿತ್ರಗಳಿಂದ.

2018ರ ನವೆಂಬರ್ 29ರಂದು ಇಸ್ರೊ ‘ಹೈಸಿಸ್’ ಉಪಗ್ರಹವನ್ನು ಹಾರಿಸಿತು. 380 ಕಿಲೊ ತೂಕದ ಇದಕ್ಕೆ ಐದು ವರ್ಷದ ಆಯುಷ್ಯವೆಂದು ಲೆಕ್ಕ ಹಾಕಿದ್ದರು. ಇಟಲಿಯ ‘ಪ್ರಿಸ್ಮಾ’ 2019ರಲ್ಲಿ, ಜರ್ಮನಿಯ ‘ಎನ್‌ಮ್ಯಾಪ್’ 2022ರಲ್ಲಿ ಮೇಲೇರಿದವು.

ಈಗ ಖಾಸಗಿಯವರೂ ಈ ಕಣಕ್ಕೆ ಇಳಿದಿದ್ದಾರೆ. ಬೆಂಗಳೂರಿನ ‘ಪಿಕ್ಸೆಲ್’ ಸಂಸ್ಥೆ 2025ರ ಜನವರಿಯಲ್ಲಿ ಮೂರು, ಆಗಸ್ಟಿನಲ್ಲಿ ಇನ್ನೂ ಮೂರು ‘ಫೈರ್‌ಫ್ಲೈ’ ಉಪಗ್ರಹಗಳನ್ನು ಹಾರಿಸಿತು. 2019ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ ಇಬ್ಬರು ತರುಣರಲ್ಲಿ ಒಬ್ಬರಾದ ಅವೈಸ್ ಅಹಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು. ಕಾಫಿ ಸೀಮೆಯ ಹುಡುಗರು ಉಪಗ್ರಹ ಕಟ್ಟುವ ಕಾಲ ಬಂದದ್ದು ಸಂತೋಷದ ವಿಷಯ. 2023ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ಸಂಸ್ಥೆಯೊಡನೆ ಒಂದು ಒಡಂಬಡಿಕೆ ಮಾಡಿಕೊಂಡಿತು. ಬೆಳೆ ನಕ್ಷೆ, ಬೆಳೆಯ ಹಂತ, ಬೆಳೆಯ ಆರೋಗ್ಯ, ಮಣ್ಣಿನ ಸಾವಯವ ಇಂಗಾಲ ಇವನ್ನು ಅಳೆಯುವ ಪ್ರಯೋಗ ಅದರ ಉದ್ದೇಶ.

ನಿಮ್ಮ ಹೊಲ ಎಷ್ಟು ಚೌಕ?

ಉಪಗ್ರಹದ ಚಿತ್ರ ಚೌಕಳಿ ಹಚ್ಚಡದಂತೆ. ಒಂದೊಂದು ಚೌಕದಲ್ಲಿರುವುದೆಲ್ಲ ಸೇರಿ ಒಂದೇ ಲೆಕ್ಕವಾಗುತ್ತದೆ. ಚೌಕ ಎಷ್ಟು ದೊಡ್ಡದು ಎಂಬುದರ ಮೇಲೆ ನಿಮ್ಮ ಹೊಲ ಕಾಣುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. ಮೀಟರಿನ ಲೆಕ್ಕವನ್ನು ನಮ್ಮ ಗುಂಟೆಗೆ ಇಳಿಸಿ ನೋಡೋಣ. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್.

ಐಎಂಎಸ್-1ರ ಒಂದು ಚೌಕ 505 ಮೀಟರ್ ಅಗಲ. ಅಂದರೆ ಸುಮಾರು 63 ಎಕರೆ. ಊರಿನ ಒಂದು ಬಯಲೇ ಒಂದು ಚುಕ್ಕೆ! ಹೈಸಿಸ್, ಪ್ರಿಸ್ಮಾ, ಎನ್‌ಮ್ಯಾಪ್‌ಗಳ ಚೌಕ 30 ಮೀಟರ್. ಅಂದರೆ ಸುಮಾರು 9 ಗುಂಟೆ. ಒಂದು ಎಕರೆಗೆ ನಾಲ್ಕೂವರೆ ಚೌಕ. ಯುರೋಪಿನ ಸೆಂಟಿನೆಲ್-2 ಹೈಪರ್‌ಸ್ಪೆಕ್ಟ್ರಲ್ ಅಲ್ಲ, 13 ಪಟ್ಟಿಗಳದ್ದು. ಅದರ ಮುಖ್ಯ ಪಟ್ಟಿಗಳ ಚೌಕ 10 ಮೀಟರ್, ಸುಮಾರು ಒಂದು ಗುಂಟೆ. ಫೈರ್‌ಫ್ಲೈ ಚೌಕ 5 ಮೀಟರ್, ಕಾಲು ಗುಂಟೆ.

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಮೂರೂವರೆ ಎಕರೆಗಿಂತ ಕಡಿಮೆ. ಅದೂ ಒಂದೇ ತುಂಡಲ್ಲ. ಕೆರೆ ಹಿಂದೆ ಇಪ್ಪತ್ತು ಗುಂಟೆ, ದಿಣ್ಣೆಯ ಮೇಲೆ ಒಂದೆಕರೆ. ಇಪ್ಪತ್ತು ಗುಂಟೆಯ ಹೊಲಕ್ಕೆ 30 ಮೀಟರಿನ ಎರಡು ಚೌಕ ಬೀಳುತ್ತದೆ. ಆ ಎರಡರಲ್ಲಿಯೂ ಬದುವಿನ ಹೊಂಗೆ, ಪಕ್ಕದವರ ಕಬ್ಬು ಸೇರಿರುತ್ತದೆ.

ಹಾಗಾದರೆ ಸಣ್ಣ ಚೌಕದ ಉಪಗ್ರಹವೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಇಲ್ಲೊಂದು ತೊಡಕಿದೆ. ಫೈರ್‌ಫ್ಲೈ ಕಾಲು ಗುಂಟೆಯನ್ನು ಬಿಡಿಸಿ ನೋಡುತ್ತದೆ; ಆದರೆ ಅದರ ನೋಟ ಸುಮಾರು 900 ನ್ಯಾನೊಮೀಟರಿಗೆ ನಿಲ್ಲುತ್ತದೆ. ಎಲೆಯ ನೀರಿನ ಗುರುತು ಶುರುವಾಗುವುದೇ 970ರಿಂದ. ಹೈಸಿಸ್ 2400ರವರೆಗೆ ನೋಡುವಂತೆ ಮಾಡಿದ್ದು; ಆದರೆ ಅದರ ಚೌಕ 9 ಗುಂಟೆ. ಸಣ್ಣ ಹೊಲ ಕಾಣುವ ಕಣ್ಣಿಗೆ ನೀರು ನೇರವಾಗಿ ಕಾಣದು. ನೀರು ಕಾಣುವ ಕಣ್ಣಿಗೆ ಸಣ್ಣ ಹೊಲ ಕಾಣದು. ಸಣ್ಣ ರೈತನಿಗೆ ಬೇಕಾದದ್ದು ಎರಡೂ ಒಂದರಲ್ಲಿರುವ ಕಣ್ಣು.

ಕಾಡಿನ ಲೆಕ್ಕದಲ್ಲಿ ತೋಟ

ಕಾಡಿನ ವಿಷಯದಲ್ಲಿ ಈ ವಿದ್ಯೆಯ ಉಪಯೋಗ ಇನ್ನೂ ಸ್ಪಷ್ಟವಾಗಿದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅರಣ್ಯ ಸ್ಥಿತಿ ವರದಿ ಹೊರತರುತ್ತಿದೆ. ಒಂದು ಹೆಕ್ಟೇರಿಗಿಂತ ದೊಡ್ಡದಾಗಿದ್ದು, ನೆಲದ ಶೇಕಡಾ 10ಕ್ಕಿಂತ ಹೆಚ್ಚು ಭಾಗದ ಮೇಲೆ ಮರದ ನೆರಳಿರುವ ಜಾಗವೆಲ್ಲ ಅದರ ಲೆಕ್ಕದಲ್ಲಿ ‘ಅರಣ್ಯ ಹೊದಿಕೆ’. ಒಡೆತನ ಯಾರದು, ಮರ ಯಾವುದು ಎಂಬ ಭೇದವಿಲ್ಲ. ಮಲೆನಾಡಿನ ಅಡಿಕೆ ತೋಟ, ಕೊಡಗಿನ ಕಾಫಿ ತೋಟದ ನೆರಳು ಮರ, ನೀಲಗಿರಿ ನೆಡುತೋಪು, ಶೋಲಾ ಕಾಡು ಎಲ್ಲವೂ ಆ ಲೆಕ್ಕದಲ್ಲಿ ಒಂದೇ ಹಸಿರು. ಕಾಡು ಕರಗಿ ತೋಟ ಬೆಳೆದರೂ ವರದಿಯಲ್ಲಿ ಹೊದಿಕೆ ಹೆಚ್ಚಾದಂತೆ ಕಾಣಬಹುದು.

ನೂರಾರು ಪಟ್ಟಿಗಳ ಚಿತ್ರವಿದ್ದರೆ ಅಡಿಕೆಯ ರೇಖೆ ಬೇರೆ, ಅಕೇಶಿಯದ ರೇಖೆ ಬೇರೆ, ಸಹಜ ಕಾಡಿನ ರೇಖೆ ಬೇರೆ ಎಂದು ಬಿಡಿಸಬಹುದು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲನ್ನು ಮೇಲೇಳಲು ಬಿಡದ ಲಂಟಾನ ಎಲ್ಲೆಲ್ಲಿ ಹಬ್ಬಿದೆ ಎಂಬುದನ್ನೂ ಗುರುತಿಸಬಹುದು. ಹುಲ್ಲು ಸಿಗದ ಜಿಂಕೆ, ಆನೆ ಕಾಡಂಚಿನ ಹೊಲಕ್ಕೆ ಬಂದು ರಾಗಿ, ಜೋಳಕ್ಕೆ ಬಾಯಿ ಹಾಕುವುದರಿಂದ ಇದು ಅರಣ್ಯ ಇಲಾಖೆಯದಷ್ಟೇ ಅಲ್ಲ, ರೈತರ ವಿಷಯವೂ ಹೌದು. ಆದರೆ ಮರದ ನೆರಳಿನ ಕೆಳಗಿರುವ ಪೊದೆ ಮೇಲಿನಿಂದ ಕಾಣದು. ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯ ಚಿತ್ರ ಬೇಕು. ನಿತ್ಯಹಸಿರು ಕಾಡಿನಲ್ಲಿ ಕಾಲಿಂದ ನಡೆದೇ ನೋಡಬೇಕು.

ಎಡವುವುದು ಎಲ್ಲಿ?

ಮೊದಲನೆಯದು ಮೋಡ. ಈ ಕ್ಯಾಮೆರಾಗಳು ಬಿಸಿಲಿನ ಬೆಳಕನ್ನು ನಂಬಿರುವವು. ನಮ್ಮ ಮುಂಗಾರು ಬೆಳೆ ನಿಂತಿರುವ ಕಾಲದಲ್ಲೇ ಮೋಡವೂ ನಿಂತಿರುತ್ತದೆ. ಮೋಡದೊಳಗಿಂದ ನೋಡಬಲ್ಲದ್ದು ರೇಡಾರ್. 2025ರ ಜುಲೈ 30ರಂದು ಹಾರಿದ ನಾಸಾ-ಇಸ್ರೊ ‘ನಿಸಾರ್’ ಉಪಗ್ರಹ ಅಂತಹದು. ಅದು 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಆದರೆ ರೇಡಾರ್ ಬಣ್ಣ ನೋಡುವುದಿಲ್ಲ. ಗಿಡದ ಆಕಾರ, ಎತ್ತರ, ಮಣ್ಣಿನ ತೇವ ನೋಡುತ್ತದೆ. ಎರಡನ್ನೂ ಜೋಡಿಸಬೇಕು. ಗಾಳಿಯಲ್ಲಿರುವ ಆವಿಯೂ ಅಡ್ಡ ಬರುತ್ತದೆ. 1400 ಮತ್ತು 1900ರ ಸುಮಾರಿನ ಬೆಳಕನ್ನು ಆವಿಯೇ ನುಂಗುವುದರಿಂದ, ನೀರಿನ ಅತ್ಯಂತ ದೊಡ್ಡ ಎರಡು ಗುರುತುಗಳು ಆಕಾಶದಿಂದ ನೋಡುವವರಿಗೆ ದಕ್ಕುವುದಿಲ್ಲ.

ಎರಡನೆಯದು ನಮ್ಮ ಬೇಸಾಯದ ಪದ್ಧತಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಹೊಲದ ರೇಖೆ ಯಾವ ಬೆಳೆಯದು? ಸಾವಿರಾರು ಎಕರೆ ಒಂದೇ ಬೆಳೆಯಿರುವ ದೇಶಗಳಲ್ಲಿ ಕಟ್ಟಿದ ಲೆಕ್ಕ ನಮ್ಮ ಅಕ್ಕಡಿಗೆ ಹಾಗೆಯೇ ಒಗ್ಗದು.

ಮೂರನೆಯದು, ಒಂದೇ ಹಳದಿಗೆ ಹತ್ತು ಕಾರಣ. ಒಂದು ವರ್ಷ ಮಳೆಗಾಲದಲ್ಲಿ ರಸ್ತೆ ಬದಿಯ ಮುಸುಕಿನ ಜೋಳ ಹಳದಿಯಾಗಿರುವುದನ್ನು ಕಂಡು, ಗಾಡಿಯಿಂದ ಇಳಿಯದೆಯೇ ಯೂರಿಯಾ ಮೇಲುಗೊಬ್ಬರ ಕೊಡಲು ನಾನು ಹೇಳಿಬಿಟ್ಟೆ. ವಾರದ ಮೇಲೆ ಹೋಗಿ ಗಿಡ ಕಿತ್ತು ನೋಡಿದರೆ ಬೇರು ಕಪ್ಪಾಗಿತ್ತು. ಹೊಲದಲ್ಲಿ ನೀರು ನಿಂತು ಬೇರು ಉಸಿರು ಕಟ್ಟಿದ್ದೇ ಕಾರಣ. ಬೇಕಾಗಿದ್ದದ್ದು ಬಸಿಗಾಲುವೆ, ಕೊಟ್ಟದ್ದು ಗೊಬ್ಬರ. ಆ ರೈತರ ಹಣ ದಂಡವಾಯಿತು. ಆ ದಿನ ನಾನು ಮಾಡಿದ ತಪ್ಪನ್ನು ಉಪಗ್ರಹವೂ ಮಾಡಬಲ್ಲದು. ಗಿಡಕ್ಕೆ ಕಷ್ಟವಿದೆ ಎಂದು ಅದು ಬೇಗ ಹೇಳುತ್ತದೆ; ಕಷ್ಟ ಏನೆಂಬುದನ್ನು ಹಲವು ಸಲ ಗಿಡ ಕಿತ್ತೇ ನೋಡಬೇಕು. ಮಲೆನಾಡಿನ ಅಡಿಕೆಗೆ ಎಲೆ ಚುಕ್ಕಿ ರೋಗವೂ ಇದೆ, ಹಳದಿ ಎಲೆ ರೋಗವೂ ಇದೆ, ಪೋಷಕಾಂಶದ ಕೊರತೆಯೂ ಇದೆ. ಎಲ್ಲ ತೋಟದ ಸೋಗೆಯೂ ಹಳದಿಯೇ. ಮದ್ದು ಮಾತ್ರ ಬೇರೆ ಬೇರೆ.

ಎಷ್ಟು ಬಣ್ಣ ಎನ್ನುವುದಕ್ಕಿಂತ ಯಾವ ದಿನ ಎನ್ನುವುದು ಮುಖ್ಯ

ಈಗ ಹಸಿರು ಬರಕ್ಕೆ ಮರಳೋಣ. ಯಾವ ಉಪಗ್ರಹವೂ ಮುಸುಕು ಬಿಡಿಸಿ ಕಾಳು ಎಣಿಸುವುದಿಲ್ಲ. ಅದು ನೋಡುವುದು ಎಲೆಯನ್ನು. ಮುಸುಕಿನ ಜೋಳ ಸೂಲಂಗಿ ಬಿಟ್ಟು ತೆನೆಯ ಎಳೆ ಹೊರಡುವ ಹದಿನೈದು ಇಪ್ಪತ್ತು ದಿನ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ. ಶೇಂಗಾದ ಊಡು ನೆಲಕ್ಕಿಳಿಯುವಾಗ ಮಣ್ಣು ಗಟ್ಟಿಯಾಗಿದ್ದರೆ ಕಾಯಿ ಕೂರುವುದಿಲ್ಲ. ಆ ದಿನಗಳಲ್ಲಿ ಎಲೆ ಬಾಯಾರಿದ್ದನ್ನು ಉಪಗ್ರಹ ದಾಖಲಿಸಿದ್ದರೆ ಅದು ಸಾಕ್ಷಿ. ಆಮೇಲೆ ಮಳೆ ಬಂದು ಎಲೆ ಚೇತರಿಸಿಕೊಂಡಾಗ ಬಂದು ನೋಡಿದರೆ, ನಾಲ್ಕು ನೂರು ಬಣ್ಣದ ಕಣ್ಣೂ ‘ಬೆಳೆ ಚೆನ್ನಾಗಿದೆ’ ಎಂದೇ ಬರೆದೀತು.

ಆದುದರಿಂದ ಬಿತ್ತನೆಯ ದಿನಾಂಕ ಗೊತ್ತಿರಬೇಕು. ಅದರಿಂದ ಹೂ ಬಿಡುವ ದಿನ ಗೊತ್ತಾಗಬೇಕು. ಆ ದಿನದ ಚಿತ್ರ ಇರಬೇಕು. ಬಿತ್ತನೆಯ ದಿನಾಂಕ ಸರಿಯಾಗಿ ಹೇಳಬಲ್ಲವರು ನೀವೇ. 2016ರ ಕೇಂದ್ರದ ಬರ ನಿರ್ವಹಣಾ ಕೈಪಿಡಿಯೂ ಉಪಗ್ರಹದ ಸೂಚ್ಯಂಕವೊಂದನ್ನೇ ನಂಬಿಲ್ಲ. ಮಳೆ, ಬಿತ್ತನೆ ಪ್ರದೇಶ, ಮಣ್ಣಿನ ತೇವ, ಜಲಾಶಯ ಹಾಗೂ ಅಂತರ್ಜಲ ಇವನ್ನೂ ನೋಡಬೇಕು, ತಾಲ್ಲೂಕಿನ ಶೇಕಡಾ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೆ ಇಳಿದು ತಪಾಸಣೆ ಮಾಡಬೇಕು ಎನ್ನುತ್ತದೆ. 2023ರಲ್ಲಿ ಹಸಿರು ಬರದ ಮಾತು ನಿಂತದ್ದು ಈ ನೆಲದ ತಪಾಸಣೆಯ ಬಲದ ಮೇಲೆ.

ವಿಮೆಯ ಲೆಕ್ಕ

ಇದೆಲ್ಲ ದೂರದ ಮಾತು ಎಂದುಕೊಳ್ಳಬೇಡಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ‘ಯೆಸ್-ಟೆಕ್’ ಎಂಬ ಪದ್ಧತಿ ಬಂದಿದೆ. ಮೊದಲು ಭತ್ತ ಮತ್ತು ಗೋಧಿಗೆ, ಆಮೇಲೆ ಸೋಯಾ ಅವರೆಗೆ ಅನ್ವಯವಾಯಿತು. ಇದರ ಪ್ರಕಾರ ಇಳುವರಿ ನಿರ್ಧರಿಸುವಾಗ ದೂರಸಂವೇದನೆಯ ಅಂದಾಜಿಗೆ ಕನಿಷ್ಠ ಶೇಕಡಾ 30 ತೂಕ ಕೊಡಬೇಕು. ಉಳಿದದ್ದು ಬೆಳೆ ಕಟಾವು ಪ್ರಯೋಗಕ್ಕೆ.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ನಿಮ್ಮ ಪಂಚಾಯಿತಿಯಲ್ಲಿ ಭತ್ತದ ಖಾತರಿ ಇಳುವರಿ ಎಕರೆಗೆ 20 ಕ್ವಿಂಟಾಲ್, ವಿಮೆ ಮೊತ್ತ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಕಟಾವು ಪ್ರಯೋಗದಲ್ಲಿ 10 ಕ್ವಿಂಟಾಲ್ ಬಂತು. ಅದೊಂದೇ ಲೆಕ್ಕವಾದರೆ ನಷ್ಟ ಶೇಕಡಾ 50. ಪರಿಹಾರ 20,000 ರೂಪಾಯಿ. ಉಪಗ್ರಹದ ಅಂದಾಜು ಹಸಿರನ್ನು ನಂಬಿ 16 ಕ್ವಿಂಟಾಲ್ ಎಂದರೆ, 70ಕ್ಕೆ 30ರ ಪ್ರಮಾಣದಲ್ಲಿ ಇಳುವರಿ 11.8 ಕ್ವಿಂಟಾಲ್ ಆಗುತ್ತದೆ. ನಷ್ಟ ಶೇಕಡಾ 41, ಪರಿಹಾರ 16,400. ಎಕರೆಗೆ 3,600 ರೂಪಾಯಿ ಕಡಿಮೆ.

ತಿರುಗಿಸಿಯೂ ನೋಡಿ. ಕಟಾವು ಮಾಡಿದ ಗದ್ದೆ ಊರಿನ ಒಳ್ಳೆಯ ಗದ್ದೆಯೇ ಆಗಿ 16 ಕ್ವಿಂಟಾಲ್ ಬಂದು, ಉಪಗ್ರಹ ಸರಿಯಾಗಿ ನೋಡಿ 10 ಎಂದರೆ ಇಳುವರಿ 14.2 ಆಗುತ್ತದೆ. ಪರಿಹಾರ 8,000ದಿಂದ 11,600ಕ್ಕೆ ಏರುತ್ತದೆ. ಅಂದರೆ ಈ ಕಣ್ಣು ರೈತನ ಶತ್ರುವೂ ಅಲ್ಲ, ಬಂಧುವೂ ಅಲ್ಲ. ನಿಖರವಾಗಿದ್ದರೆ ನ್ಯಾಯ, ಮಂಜಾಗಿದ್ದರೆ ಅನ್ಯಾಯ. ಕಣ್ಣು ಚುರುಕಾಗಲಿ ಎಂದು ಬಯಸುವುದರಲ್ಲಿಯೇ ರೈತರ ಹಿತವಿದೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಚಿತ್ರ ಯಾರ ಕೈಯಲ್ಲಿರುತ್ತದೆ? ಒಂದು ಸೀಮೆಯಲ್ಲಿ ಈರುಳ್ಳಿ ಎಷ್ಟು ಬರಲಿದೆ ಎಂಬುದು ದೊಡ್ಡ ವ್ಯಾಪಾರಿಗೆ ಒಂದು ತಿಂಗಳು ಮುಂಚೆ ಗೊತ್ತಾಗಿ, ಬೆಳೆದವನಿಗೆ ಗೊತ್ತಾಗದಿದ್ದರೆ ಮಾರುಕಟ್ಟೆಯಲ್ಲಿ ಸೋಲುವವರು ಯಾರೆಂದು ಹೇಳಬೇಕಾಗಿಲ್ಲ. ಸರ್ಕಾರ ಹಣ ಕೊಟ್ಟು ಪಡೆಯುವ ಬೆಳೆ ಮಾಹಿತಿ ಪಂಚಾಯಿತಿ ಮಟ್ಟದಲ್ಲಿ, ಕನ್ನಡದಲ್ಲಿ, ರೈತ ಸಂಪರ್ಕ ಕೇಂದ್ರದ ಫಲಕದ ಮೇಲೆ ಬರುವಂತಾಗಬೇಕು. ಇದನ್ನು ರೈತ ಸಂಘಟನೆಗಳು ಈಗಲೇ ಕೇಳುವುದು ಲೇಸು.

ರೈತರು ಮಾಡಬೇಕಾದದ್ದು

ಹೈಪರ್‌ಸ್ಪೆಕ್ಟ್ರಲ್ ಚಿತ್ರ ಪ್ರತಿ ಹೊಲಕ್ಕೂ ಬರುವ ಕಾಲ ಇನ್ನೂ ಬಂದಿಲ್ಲ. ಬರುವವರೆಗೂ, ಬಂದ ಮೇಲೂ ನಿಮ್ಮ ಕೈಯಲ್ಲಿರುವ ಕೆಲಸಗಳು ಇವು.

1. ಬೆಳೆ ಸಮೀಕ್ಷೆಯನ್ನು ಅಸಡ್ಡೆ ಮಾಡಬೇಡಿ. 2020ರಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆ ದಾಖಲಿಸಲು ರಾಜ್ಯದಲ್ಲಿ ಅವಕಾಶವಾಗಿದೆ. ಸರ್ವೆ ನಂಬರು, ಹಿಸ್ಸಾ, ಬೆಳೆ ಸರಿಯಾಗಿರಲಿ. ಅಕ್ಕಡಿ ಬೆಳೆಯಿದ್ದರೆ ಅದನ್ನೂ ಬರೆಸಿ. ಉಪಗ್ರಹದ ರೇಖೆಯನ್ನು ಪರೀಕ್ಷಿಸಲು ಇಂತಹ ನೆಲದ ದಾಖಲೆಯೇ ಒರೆಗಲ್ಲು. ಅದು ತಪ್ಪಿದರೆ ಮೇಲಿನ ಲೆಕ್ಕವೂ ತಪ್ಪುತ್ತದೆ.

2. ಬಿತ್ತಿದ ದಿನ, ಹೂ ಬಿಟ್ಟ ದಿನ, ಮಳೆ ನಿಂತ ದಿನ, ಮತ್ತೆ ಬಂದ ದಿನ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೂ ಬಿಡುವ ಕಾಲದಲ್ಲಿ ಮಧ್ಯಾಹ್ನ ಎಲೆ ಸುರುಳಿ ಸುತ್ತಿಕೊಂಡಿದ್ದರೆ ದಿನಾಂಕ ಸಹಿತ ಫೋಟೊ ತೆಗೆದಿಡಿ.

3. ನಿಮ್ಮ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ಎಂದು ಕೇಳಿ ತಿಳಿದು, ನಾಲ್ಕು ಜನ ಹೋಗಿ ನಿಂತು ನೋಡಿ. ಶೇಕಡಾ 70ರವರೆಗಿನ ತೂಕ ಅದರದ್ದೇ.

4. ಆಲಿಕಲ್ಲು ಮಳೆ, ಭೂಕುಸಿತದಂತಹ ಸ್ಥಳೀಯ ವಿಕೋಪದಿಂದ ವಿಮೆ ಮಾಡಿದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಇದಕ್ಕೆ 14447 ಸಹಾಯವಾಣಿ ಇದೆ.

5. ಖಾಸಗಿಯವರು ಉಪಗ್ರಹದ ಸಲಹೆ ಎಂದು ಹಣ ಕೇಳಿದರೆ, ಚೌಕ ಎಷ್ಟು ಮೀಟರಿನದು, ಎಷ್ಟು ದಿನಕ್ಕೊಮ್ಮೆ ಚಿತ್ರ, ಮೋಡವಿದ್ದ ವಾರ ಏನು ಮಾಡುತ್ತೀರಿ ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ದುಡ್ಡು ಬಿಚ್ಚಬೇಡಿ.

1970ರಲ್ಲಿ ಹೆಲಿಕಾಪ್ಟರಿನಿಂದ ತೆಂಗಿನ ತೋಟದ ಚಿತ್ರ ತೆಗೆದಾಗಲೂ ಯಾವ ಮರಕ್ಕೆ ರೋಗವೆಂದು ಖಚಿತಪಡಿಸಲು ಮರದ ಬುಡಕ್ಕೆ ಹೋಗಲೇಬೇಕಿತ್ತು. ಇಂದಿಗೂ ಅದೇ ಮಾತು. ಆಕಾಶದ ಕಣ್ಣು ಎಲ್ಲಿಗೆ ಹೋಗಬೇಕೆಂದು ತೋರಿಸಲಿ. ಹೋಗಿ ಗಿಡ ಕಿತ್ತು ನೋಡುವ ಕೆಲಸ ನಮ್ಮದು, ನಿಮ್ಮದು. ಈ ವಾರ ನಿಮ್ಮ ಬೆಳೆ ಸಮೀಕ್ಷೆಯ ದಾಖಲೆ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ತಪ್ಪಿದ್ದರೆ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತಿದ್ದುಪಡಿಗೆ ಆಕ್ಷೇಪಣೆ ಸಲ್ಲಿಸಿ.